ತಾಳಮದ್ದಲೆ ಆರಿಸಿಕೊಟ್ಟ ವೂಫರ್

ಸ್ನೇಹಿತರೇ, ನಾನೇ ಮಾಡಿದ ಸ್ಪೀಕರ್ ಪೆಟ್ಟಿಗೆಗೆ ಅಂತೂ ದಪ್ಪ ದನಿಯ ವೂಫರ್, ಸಣ್ಣ ದನಿಯ ಟ್ವೀಟರ್ ಸಿಕ್ಕವು.

ಇವತ್ತೂ ಶಿರಸಿಯ ಸ್ಪೀಕರ್ ಅಂಗಡಿಯ ಸುಬ್ಬಣ್ಣನದು ಅದೇ ರಾಗ: "ಇನ್ನೂರು ವಾಟಿಂದೇ ತಗ ಮಾರಾಯ, ಮನೆ ನಡುಗ್ತು."

ನನ್ನದು ಐದು ವಾಟಿನ ಆಂಪ್ಲಿಫೈಯರ್. ಅಷ್ಟಕ್ಕೇ ಗಟ್ಟಿಯಾಗಿ ಮಾತಾಡುವ ವೂಫರ್ ಬೇಕಿತ್ತು. ವಾದ ಸಾಕೆಂದು ಆಂಪ್ಲಿಫೈಯರನ್ನೂ, ಅರ್ಥಧಾರಿಗಳು ಕೂತು ಮಾತಲ್ಲೇ ವಾದಿಸುವ ತಾಳಮದ್ದಲೆಯ ಕ್ಯಾಸೆಟ್ಟನ್ನೂ ಚೀಲದಿಂದ ತೆಗೆದು ಅಂಗಡಿಯ ಟೇಪ್‌ರೆಕಾರ್ಡರಿಗೆ ಹಚ್ಚಿದೆ. ಇನ್ನೂರು ವಾಟಿನದರಲ್ಲಿ ಅರ್ಥಧಾರಿ ಕಂಬಳಿಯೊಳಗಿಂದ ಮಾತಾಡಿದಂತಿತ್ತು. ಮೂಲೆಯಲ್ಲಿದ್ದ ಹಗುರ ಕಾಗದದ ಕೋನಿನ ವೂಫರಿಗೆ ತಂತಿ ಸಿಕ್ಕಿಸಿದೆ. ಮಾತು ರಸ್ತೆಗೂ ಕೇಳಿತು. ಟ್ವೀಟರಿನಲ್ಲಿ ತಾಳ ಠಣ್ಣೆಂದಿತು. ಗಿರಾಕಿಗಳೆಲ್ಲ ಸುತ್ತ ನಿಂತರು.

ಗೆದ್ದೆ ಎಂದು ತಂತಿ ಬಿಚ್ಚಹೋದರೆ ಸುಬ್ಬಣ್ಣನೇ ಕೈ ಹಿಡಿದ: "ಬಿಚ್ಚಡ. ಎದುರಿನ ಅರ್ಥಧಾರಿ ಎಂತ ಉತ್ತರ ಕೊಡ್ತ ಕೇಳನ."

ವೂಫರ್, ಟ್ವೀಟರ್ ಮನೆಗೆ ಬಂದಿವೆ. ಕ್ಯಾಸೆಟ್ ಅಂಗಡಿಯಲ್ಲೇ ಇದೆ. ಉತ್ತರ ಇನ್ನೂ ಮುಗಿದಿಲ್ಲವಂತೆ.