ಔಡಲೆಣ್ಣೆ ಹಚ್ಚಿದ ಕಂಬ

ಅಂಗಡಿಯಲ್ಲಿ ಎರಡು ಇಂಚಿನದು ಎಂದು ಕೊಡುವ ಕಬ್ಬಿಣದ ಪೈಪಿನ ಹೊರಗಿನ ಅಡ್ಡಳತೆ ಎರಡು ಇಂಚು ಇರುವುದಿಲ್ಲ. ಅರವತ್ತು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚೇ ಇರುತ್ತದೆ. ಗಜೇಂದ್ರಗಡದ ಒಂದು ಗ್ಯಾರೇಜಿನ ಹಿತ್ತಲಲ್ಲಿ ವರ್ನಿಯರ್ ಹಿಡಿದು ಇದನ್ನು ನಾನು ಮೂರು ಸಲ ಅಳೆದು ಖಾತ್ರಿ ಮಾಡಿಕೊಂಡೆ.

"ಎಷ್ಟ ಸಲ ಅಳೀತೀಲೇ? ಪೈಪ್ ಏನ್ ಬೆಳ್ಯಾಕತ್ತೈತೇನು?" ಎಂದಳು ಗೆಳತಿ.

ಗ್ಯಾರೇಜು ಅವಳ ಅಪ್ಪನದು. ನಾವಿಬ್ಬರೂ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೆವು. ನರಗುಂದದಲ್ಲಿ ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆ ಇತ್ತು: ಎರಡು ಇಂಚಿನ ಪೈಪಿನ, ಮೂರು ಮೀಟರಿನ ಕಂಬವನ್ನು ಯಂತ್ರ ಏರಿ, ತುದಿಯಲ್ಲಿರುವ ಗಂಟೆ ಬಾರಿಸಿ, ಇಳಿದು ಬರಬೇಕು. ಕಡಿಮೆ ಸಮಯ ತೆಗೆದುಕೊಂಡವರು ಗೆದ್ದಂತೆ. ಆದರೆ ನಮಗೆ ಗೆಲುವಿಗಿಂತ ಮುಖ್ಯವಾದದ್ದು ನಮ್ಮ ಸರ್ ಹೇಳಿದ್ದ ಒಂದು ಮಾತು.

"ನರಗುಂದದಾಗ ಇದು ಕಂಬ ಏರ್ತಂದ್ರ ಮುಂದಿನ ವರ್ಷದ ಪ್ರಾಜೆಕ್ಟ್ ನಿಮ್ದ. ಏರಲಿಲ್ಲಂದ್ರ ಹುಡುಗರ ಗುಂಪಿನಾಗ ಸೇರ್ಕೋರಿ. ಅವರು ಮಷೀನ್ ಮಾಡ್ತಾರ, ನೀವು ರಿಪೋರ್ಟ್ ಬರೀರಿ. ನಿಮ್ಮ ಅಕ್ಷರ ಚಲೋ ಅದಾವ."

ಕೋಪದಿಂದ ಹೇಳಿದ ಮಾತಲ್ಲ ಅದು. ನಮಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ಅವರು ನಂಬಿದ್ದರು. ಅದಕ್ಕೇ ಅದು ಮನಸ್ಸಿನಿಂದ ಹೋಗಲಿಲ್ಲ.

ರಜೆಯಲ್ಲಿ ಊರಿಗೆ ಬಂದು ಕೆಲಸ ಶುರು ಮಾಡಿದೆವು. ಚಾಚಾ, ಅಂದರೆ ಗೆಳತಿಯ ಅಪ್ಪ, ಹಳೆಯ ಕಾರಿನ ಕಿಟಕಿಗಾಜು ಏರಿಸುವ ಮೋಟರು ಕೊಟ್ಟರು. ಬೈಕಿನ ಸಣ್ಣ ಬ್ಯಾಟರಿ, ಕಂಬವನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ನಾಲ್ಕು ರಬ್ಬರ್ ಗಾಲಿಗಳು, ಅವನ್ನು ಬಿಗಿಯಾಗಿಡುವ ಸ್ಪ್ರಿಂಗು, ಕೆಳಗೆ ನಿಂತು ಮೇಲೆ ಕೆಳಗೆ ಓಡಿಸಲು ಉದ್ದ ವೈರಿನ ತುದಿಗೆ ಒಂದು ಸ್ವಿಚ್ಚಿನ ಪೆಟ್ಟಿಗೆ. ಎಲ್ಲ ಸೇರಿ ಒಂದು ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಹಿತ್ತಲಲ್ಲಿ ನೆಟ್ಟ ಪೈಪನ್ನು ಅದು ಒಂಬತ್ತು ಸೆಕೆಂಡಿನಲ್ಲಿ ಏರುತ್ತಿತ್ತು. ಹೊರಡಲು ಎರಡು ದಿನ ಉಳಿದಿದ್ದವು. ಸಂಜೆ ನಾಲ್ಕಕ್ಕೆ ಕೊನೆಯ ಪರೀಕ್ಷೆ ಎಂದು ಮನೆಯಲ್ಲಿ ಹೇಳಿದ್ದೆ. ಹೇಳಬಾರದಿತ್ತು.

ನನ್ನ ಅಪ್ಪ ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ. ಮದುವೆಗೆ ಮುಂಚೆ ಗರಡಿಯಲ್ಲಿ ಮಲ್ಲಕಂಬ ಆಡಿದವರು. ನಾಲ್ಕಕ್ಕೆ ನಾವು ಹಿತ್ತಲಿಗೆ ಹೋದಾಗ ಅವರು ಆಗಲೇ ಬಂದು ಬಕೆಟ್ ಬೋರಲು ಹಾಕಿಕೊಂಡು ಕುಳಿತಿದ್ದರು. ತುಕ್ಕು ಹಿಡಿದ ನಮ್ಮ ಪೈಪು ಬುಡದಿಂದ ತುದಿಯವರೆಗೆ ಫಳಫಳ ಹೊಳೆಯುತ್ತಿತ್ತು.

"ಏನ್ ಹಚ್ಚೀಯಪ್ಪಾ?"

"ಔಡಲೆಣ್ಣಿ. ಭಾಳೇನಿಲ್ಲ, ಅರ್ಧಾ ವಾಟಗಾ. ಎಣ್ಣಿ ಹಚ್ಚಲಾರ್ದ ಕಂಬಾ ಯಾರರ ಏರತಾರೇನು? ಮೈ ಸುಟ್ಟ ಹೊಕ್ಕೈತಿ."

"ಕಾಕಾ, ಇದಕ್ಕ ಮೈ ಇಲ್ರಿ," ಎಂದಳು ಗೆಳತಿ. "ಗಾಲಿ ಅದಾವ."

"ಗಾಲಿಗೆ ಚರ್ಮ ಇಲ್ಲೇನು?"

"ರಬ್ಬರ್ ಐತ್ರಿ."

"ಮತ್ತ? ಅದ ಚರ್ಮ."

ಗೆಳತಿ ನಕ್ಕಳು. ನನಗೆ ನಗು ಬರಲಿಲ್ಲ. ಚಾಚಾ ಪೆಟ್ರೋಲ್ ಅದ್ದಿದ ಅರಿವೆಯಿಂದ ಪೈಪನ್ನು ತಿಕ್ಕಿದರು, ಸೋಪು ಹಚ್ಚಿ ತೊಳೆದರು. "ಎಣ್ಣಿ ಕುಡದ ಬಿಟ್ಟೈತಿ ಬೇಟಿ, ಇನ್ನ ಬಿಡೂದಿಲ್ಲ," ಎಂದರು. ಯಂತ್ರ ಹಚ್ಚಿ ಸ್ವಿಚ್ ಒತ್ತಿದೆವು. ಗಾಲಿಗಳು ಜೋರಾಗಿ ತಿರುಗಿದವು. ಯಂತ್ರ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಮೆಲ್ಲಗೆ ಜಾರಿ ನೆಲಕ್ಕೆ ಬಂದು ಕುಳಿತಿತು.

ಸ್ಪ್ರಿಂಗು ಬಿಗಿ ಮಾಡಿದೆ. ಮೋಟರು ನರಳಿತೇ ಹೊರತು ಏರಲಿಲ್ಲ. ಸಡಿಲ ಮಾಡಿದೆ. ಜಾರಿತು. ಅಪ್ಪ ಅರ್ಧ ಗಂಟೆ ಬಕೆಟ್ ಮೇಲೆ ಕುಳಿತೇ ನೋಡಿದರು. ತಪ್ಪಾಯಿತು ಎಂದು ಹೇಳುತ್ತಾರೆ ಎಂದುಕೊಂಡೆ. ಅವರು ಹೇಳಿದ್ದು ಬೇರೆ.

"ಯವ್ವಾ, ಇದು ಕಂಬಾ ಅಪ್ಪಿಗೊಂಡೈತಿ. ಅಪ್ಪಿಗೊಂಡ್ರ ಜಾರತೈತಿ. ನಾವು ಹಂಗ ಏರತಿದ್ದಿಲ್ಲ. ಮೈ ಹಿಂದಕ್ಕ ವಾಲಸತಿದ್ವಿ. ಭಾರ ಹೊರಗ ಬಿದ್ದಷ್ಟೂ ಕಾಲ ಬಿಗೀತಾವ."

ಎದ್ದು ಬಂದು ಪೈಪನ್ನು ಒಂದು ಕೈಯಲ್ಲಿ ಹಿಡಿದು, ಪಾದ ಬುಡಕ್ಕೆ ಒತ್ತಿ, ಬೆನ್ನನ್ನು ಹಿಂದಕ್ಕೆ ವಾಲಿಸಿ ತೋರಿಸಿದರು. ನಾನು ನೋಟ್‌ಬುಕ್ಕಿನಲ್ಲಿ ಒಂದು ಚಿತ್ರ ಬರೆದೆ: ಮೇಲಿನ ಗಾಲಿ ಕಂಬದ ಆಚೆ ಬದಿಗೆ, ಕೆಳಗಿನದು ಈಚೆ ಬದಿಗೆ, ಬ್ಯಾಟರಿ ಕಂಬದಿಂದ ದೂರ. ಲೆಕ್ಕ ಹಾಕಿದರೆ ಸೂತ್ರವೂ ಅಪ್ಪನ ಮಾತನ್ನೇ ಹೇಳುತ್ತಿತ್ತು. ಭಾರ ಹೊರಗೆ ಸರಿದಷ್ಟೂ ಗಾಲಿಗಳು ಕಂಬವನ್ನು ಹೆಚ್ಚು ಒತ್ತುತ್ತವೆ, ಸ್ಪ್ರಿಂಗೇ ಬೇಕಿಲ್ಲ.

ಮರುದಿನವೆಲ್ಲ ಬಿಚ್ಚಿ ಕಟ್ಟಿದೆವು. ಬ್ಯಾಟರಿಯನ್ನು ಹೊರಗೆ ಹಿಡಿಯಲು ಅಪ್ಪ ಮಗ್ಗದ ಮನೆಯಿಂದ ಒಂದು ಗೇಣುದ್ದದ ಬಿದಿರಿನ ಪಟ್ಟಿ ತಂದರು. ಸಂಜೆ ಅದೇ ಎಣ್ಣೆಯ ಪೈಪನ್ನು ಯಂತ್ರ ಹತ್ತು ಸೆಕೆಂಡಿನಲ್ಲಿ ಏರಿತು.

"ನೋಡ್ದಿ? ಎಣ್ಣಿ ಇಲ್ಲದಿದ್ರ ಏರತಿದ್ದಿಲ್ಲ," ಎಂದರು ಅಪ್ಪ. ಒಂದು ರೀತಿಯಲ್ಲಿ ಅದು ಖರೆಯೇ ಆಗಿತ್ತು.

ಸ್ಪರ್ಧೆಯ ದಿನ ಯಂತ್ರವನ್ನು ನೂಲಿನ ಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡು ರೋಣದ ಬಸ್ಸು ಹತ್ತಿದೆವು. ಬರುವುದು ಬೇಡ ಎಂದು ಹೇಳಿದ್ದರೂ ಅಪ್ಪ ಬಂದಿದ್ದರು. ಎಲ್ಲರೂ ನೋಡುವ ಕಡೆ ಮನೆಯವರು ಇದ್ದರೆ ನನ್ನ ಕೈ ಸರಿಯಾಗಿ ಓಡುವುದಿಲ್ಲ. ಅವರು ಹಿಂದಿನ ಸೀಟಿನಲ್ಲಿ, ನಮ್ಮ ಪರಿಚಯವೇ ಇಲ್ಲದವರ ಹಾಗೆ ಕುಳಿತಿದ್ದರು. ಕಂಡಕ್ಟರ್ ಚೀಲ ನೋಡಿ, "ಕೋಳಿ ಏನ್ರೀ? ಅರ್ಧಾ ಟಿಕೆಟ್ ಆಕ್ಕೈತಿ ನೋಡ್ರಿ," ಎಂದ. "ಕೋಳಿ ಅಲ್ರಿ, ಮಂಗ್ಯಾ," ಎಂದಳು ಗೆಳತಿ. ರೋಣದಲ್ಲಿ ಬಸ್ಸು ಬದಲಿಸಿ ನರಗುಂದ ಮುಟ್ಟಿದಾಗ ಹನ್ನೊಂದು ಗಂಟೆ.

ಅಲ್ಲಿಯ ಕಂಬ ನೋಡಿ ಗೆಳತಿ ನನ್ನ ಮೊಣಕೈ ಹಿಡಿದಳು. ಸ್ಪರ್ಧೆಗೆಂದು ಅದಕ್ಕೆ ಹೊಸದಾಗಿ ಬಣ್ಣ ಬಳಿದಿದ್ದರು. ಗಾಜಿನ ಹಾಗೆ ನುಣುಪು. ನಮಗಿಂತ ಮುಂಚಿನ ಎರಡು ಯಂತ್ರಗಳು ಅರ್ಧಕ್ಕೇ ಜಾರಿ ಬಂದವು.

ನಮ್ಮದು ಜಾರಲಿಲ್ಲ. ಬ್ಯಾಟರಿಯನ್ನು ಹಿಂದಕ್ಕೆ ವಾಲಿಸಿಕೊಂಡು ಸರಸರ ಏರಿತು. ತುದಿ ಹತ್ತಿರವಾದಂತೆ ವೈರು ಬಿಗಿಯಾಗುತ್ತಿರುವುದನ್ನು ಕಂಡೆ. ಬುಡ ನೆಲದಲ್ಲಿ ಹೂತಿದ್ದ ಹಿತ್ತಲಿನ ಪೈಪು ಇದಕ್ಕಿಂತ ಗಿಡ್ಡ, ಅಲ್ಲಿ ವೈರು ಸಾಕಾಗಿತ್ತು. ಬ್ಯಾಟರಿ ಒಂದು ಗೇಣು ಹೊರಗೆ ಹೋದ ಮೇಲೆ ವೈರನ್ನೂ ಒಂದು ಗೇಣು ಉದ್ದ ಮಾಡಬೇಕಿತ್ತು. ಮೂರು ಸಲ ಅಳೆಯುವ ನಾನು ಅದನ್ನು ಒಂದು ಸಲವೂ ಅಳೆದಿರಲಿಲ್ಲ. ಗೆಳತಿ ಪೆಟ್ಟಿಗೆಯನ್ನು ತಲೆಯ ಮೇಲೆತ್ತಿ ತುದಿಗಾಲಲ್ಲಿ ನಿಂತಳು. ಯಂತ್ರ ಗಂಟೆ ಬಾರಿಸಿತು. ವೈರು ಕಿತ್ತುಬಂದು ಅವಳ ಹೆಗಲ ಮೇಲೆ ಬಿತ್ತು.

ಯಂತ್ರ ತುದಿಯಲ್ಲೇ ನಿಂತಿತು. ಬೀಳಲೂ ಇಲ್ಲ, ಇಳಿಯಲೂ ಇಲ್ಲ. ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು. ಗುಂಪಿನ ಅಂಚಿನಲ್ಲಿ ಅಪ್ಪ ಚಪ್ಪಲಿ ಬಿಚ್ಚಿ ಧೋತರ ಎತ್ತಿ ಕಟ್ಟುತ್ತಿದ್ದರು.

"ಅಪ್ಪಾ, ಬ್ಯಾಡ," ಎಂದೆ.

ಅವರು ಮತ್ತೆ ಚಪ್ಪಲಿ ಮೆಟ್ಟಿಕೊಂಡರು. ಯಾರೋ ಏಣಿ ತಂದರು.

ಇಳಿಯದ್ದಕ್ಕೆ ನಮ್ಮ ಸಮಯ ಲೆಕ್ಕಕ್ಕೆ ಹಿಡಿಯಲಿಲ್ಲ, ಬಹುಮಾನ ಬರಲಿಲ್ಲ. ಸರ್ ನಮ್ಮ ಹತ್ತಿರ ಬಂದು ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಪೂರ್ತಿ ಆಗಲಿಲ್ಲಲ್ಲ," ಎಂದರು.

ಗೆಳತಿ ಮಾತಾಡುತ್ತಾಳೆ ಎಂದು ಕಾದೆ. ಅಂಥ ಹೊತ್ತಿನಲ್ಲಿ ಯಾವಾಗಲೂ ಅವಳೇ ಮಾತಾಡುವುದು. ಅಂದು ಅವಳು ಕಿತ್ತುಬಂದ ವೈರನ್ನು ಪೆಟ್ಟಿಗೆಗೆ ಸುತ್ತುತ್ತಿದ್ದಳು.

"ಏರ್ತಲ್ರಿ ಸರ್," ಎಂದೆ ನಾನು.

"ಏರೂದಂದ್ರ ಇಳಿಯೂದೂ ಅದರಾಗ ಬಂತಲ್ಲವಾ."

"ನೀವು ಇಳೀಬೇಕು ಅಂದಿದ್ದಿಲ್ರಿ. ಏರ್ತಂದ್ರ ನಿಮ್ದ ಅಂದಿದ್ರಿ."

ಸರ್ ನನ್ನನ್ನು ನೋಡಿದರು. ಎರಡೂವರೆ ವರ್ಷದಲ್ಲಿ ನಾನು ಅವರೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು. ಹಿಂದಿನಿಂದ ಅಪ್ಪನ ದನಿ ಬಂತು: "ಇಳಸೂದ ಮುಂದಿನ ವರ್ಷ ಕಲೀತಾವ ಬಿಡ್ರಿ ಸಾಹೇಬ್ರ."

ಸರ್ ನಕ್ಕುಬಿಟ್ಟರು. "ನಾಳೆ ಬೆಳಿಗ್ಗೆ ಬಂದು ಫಾರ್ಮ್ ತುಂಬ್ರಿ," ಎಂದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಕಾಲೇಜಿಗೆ ಹೋದೆ. ಆಫೀಸಿನ ಬಾಗಿಲು ತೆರೆಯುವವರೆಗೆ ಮೆಟ್ಟಿಲ ಮೇಲೆ ಕುಳಿತಿದ್ದು, ಫಾರ್ಮ್ ಇಸಿದುಕೊಂಡು ಗೆಳತಿಯ ಹೆಸರು, ನನ್ನ ಹೆಸರು ಬರೆದೆ. ಯಾರು ಯಾವ ಕೆಲಸ ಮಾಡುತ್ತಾರೆ ಎಂಬ ಕಾಲಮ್ಮಿನಲ್ಲಿ ಯಂತ್ರದ ಮುಂದೆ 'ಇಬ್ಬರೂ' ಎಂದು ಬರೆದೆ, ವರದಿಯ ಮುಂದೆಯೂ 'ಇಬ್ಬರೂ' ಎಂದು ಬರೆದೆ. ಸಹಿ ಮಾಡಿ ಗುಮಾಸ್ತರ ಕೈಗೆ ಕೊಟ್ಟು, ಕ್ಯಾಂಟೀನಿಗೆ ಹೋಗಿ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ ತಿಂದೆ.