ಕತ್ತು, ಕಿವಿ, ಬಾಲ

ನನ್ನ ಮೈದುನ ಮೂವತ್ತೆಂಟು ವರ್ಷ ಮೋಟಾರಿಗೆ ತಂತಿ ಸುತ್ತಿದವನು. ಸುಟ್ಟ ಪಂಪು, ಫ್ಯಾನು, ಮಿಕ್ಸರು ಏನು ತಂದುಕೊಟ್ಟರೂ ಹೊಟ್ಟೆ ಬಿಚ್ಚಿ, ಕರಿಯಾದ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಹೊಡೆದು ಕೊಡುತ್ತಿದ್ದ. ಅಂಗಡಿ ಹತ್ತಡಿ ಉದ್ದ, ಆರಡಿ ಅಗಲ. ಇಬ್ಬರು ಒಳಗಿದ್ದರೆ ಮೂರನೆಯವರು ಬೀದಿಯಲ್ಲೇ ನಿಂತು ಮಾತಾಡಬೇಕು. ಎಲ್ಲರ ಬಾಯಲ್ಲೂ ಅವನು ಕಾಯಿಲ್ ಮಾಮ.

ಆಮೇಲೆ ಜನ ಸುಟ್ಟ ಮೋಟಾರನ್ನು ಗುಜರಿಗೆ ಹಾಕಿ ಹೊಸದು ತರುವುದನ್ನು ಕಲಿತರು. ಒಂದು ವರ್ಷ ಇವನು ದಿನಾ ಹೋಗಿ ಬಾಗಿಲು ತೆಗೆದು, ಗುಡಿಸಿ, ಕೂತು, ಬಾಗಿಲು ಹಾಕಿಕೊಂಡು ಬಂದ. ಕೊನೆಗೆ ಅದೂ ಸಾಕಾಗಿ, ಉಳಿದ ತಂತಿಯ ಉರುಳೆಗಳನ್ನು ಮನೆಗೆ ತಂದು ಮಂಚದ ಕೆಳಗೆ ಜೋಡಿಸಿದ. ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಈಗ ಮಂಚದ ಕೆಳಗೆ ಧೂಳಿಗೂ ಜಾಗವಿಲ್ಲ ಎಂದಳು.

ಅವರಿಗೆ ಮಕ್ಕಳಿಲ್ಲ. ಅಂಗಡಿಗೆ ಕೆಲಸ ಕಲಿಯಲು ಬಂದವರು ಯಾರೂ ಆರು ತಿಂಗಳು ನಿಂತವರಲ್ಲ. ಒಂದು ದಿನ ಕೈ ತೊಳೆಯುತ್ತಾ ತನ್ನ ಬೆರಳುಗಳನ್ನೇ ನೋಡಿಕೊಂಡು, "ಅತ್ತಿಗೆ, ಈ ಕೈಗೆ ಗೊತ್ತಿರೋದು ಇದರ ಜೊತೆಗೇ ಹೋಗುತ್ತೆ" ಎಂದ. ಅವನು ದುಃಖದ ಮಾತಾಡುವವನಲ್ಲ. ಅದಕ್ಕೇ ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಕೈ ಸುಮ್ಮನಿರಲಾರದು. ದಾರಿಯಲ್ಲಿ ಸಿಕ್ಕ ನುಣುಪು ಕಲ್ಲುಗಳಿಗೆ ತಾಮ್ರದ ತಂತಿ ಸುತ್ತಿ ಕೊರಳಿಗೆ ಹಾಕುವ ಪದಕ ಮಾಡತೊಡಗಿದ. ನನ್ನ ಮಗಳು ಅದನ್ನು ನೋಡಿ, ಹೀಗೆ ತಂತಿಯ ಒಡವೆ ಮಾಡುವವರದೇ ಒಂದು ಗುಂಪು ಫೋನಿನಲ್ಲಿದೆ ಎಂದು ಅವನನ್ನು ಸೇರಿಸಿದಳು. ಗುಂಪಿನ ಹೆಸರು 'ತಂತಿ ಗೆಳತಿಯರು'. ಒಟ್ಟು ಹನ್ನೊಂದು ಸಾವಿರ ಗೆಳತಿಯರು. ಮೀಸೆ ಇರುವ ಗೆಳತಿ ಇವನೊಬ್ಬನೇ.

ಆ ಗುಂಪಿನ ನಡಾವಳಿ ತಿಳಿಯಲು ನನಗೆ ತಿಂಗಳು ಹಿಡಿಯಿತು. ಬೆಳಗ್ಗೆ ಎಲ್ಲರೂ ಎಲ್ಲರಿಗೂ ಹೂವಿನ ಚಿತ್ರ ಕಳಿಸಬೇಕು. ಯಾರು ಏನು ತೋರಿಸಿದರೂ ಕೆಂಪು ಹೃದಯ ಒತ್ತಿ 'ಸೂಪರ್ ಡಿಯರ್' ಎನ್ನಬೇಕು. 'ನಾಳೆಯೇ ಮಾಡುತ್ತೇನೆ' ಎಂದೂ ಬರೆಯಬೇಕು. ಮಾಡಬೇಕೆಂಬ ನಿಯಮ ಮಾತ್ರ ಎಲ್ಲೂ ಇರಲಿಲ್ಲ.

ಮೈದುನ ಅಲ್ಲಿ ಪಾಠ ಹಾಕತೊಡಗಿದ. ಅವನು ಕಿಟಕಿಯ ಪಕ್ಕದ ಮೇಜಿನಲ್ಲಿ ಮಾಡುತ್ತಿದ್ದ, ನಾನು ಫೋನನ್ನು ಅವನ ಕೈಗಳ ಮೇಲೆ ಹಿಡಿಯುತ್ತಿದ್ದೆ. ಆಮೇಲೆ ಒಂದೊಂದೇ ಹಂತ ಬರೆದು ನನಗೆ ಓದಿ ಹೇಳುತ್ತಿದ್ದ. ನಾನು ಎಲ್ಲಿ ತಡೆದರೆ ಅಲ್ಲಿ ತಿದ್ದುತ್ತಿದ್ದ. ಎರಡು ವರ್ಷದಲ್ಲಿ ಹೀಗೆ ಅರವತ್ತಮೂರು ಪಾಠಗಳಾದವು. ಗುಂಪಿನಲ್ಲಿ ಅವನಿಗೆ ಗುರುಗಳು ಎಂಬ ಹೆಸರು ಬಂತು. ಇವನು ಹೃದಯಗಳನ್ನು ಎಣಿಸಿ, ಇಷ್ಟು ಜನರ ಕೈ ಕಲಿಯಿತು ಎಂದುಕೊಳ್ಳುತ್ತಿದ್ದ.

ಇಲ್ಲಿ ಅವನ ಕಸುಬಿನ ಭಾಷೆ ಹೇಳಬೇಕು. ಮೋಟಾರು ಸುತ್ತುವವರಿಗೆ ಎಲ್ಲದಕ್ಕೂ ಮೈ ಇರುತ್ತದೆ. ಪದಕದಲ್ಲಿ ಕಲ್ಲಿನ ಮೇಲೆ ತಂತಿಗಳೆಲ್ಲ ಕೂಡುವ ಜಾಗ ಕತ್ತು. ಸರ ಪೋಣಿಸುವ ಬಳೆಯಂಥ ಸುರುಳಿ ಕಿವಿ. ಮಿಕ್ಕ ತುದಿ ಬಾಲ, ಅದನ್ನು ಕತ್ತರಿಸಿದ ಮೇಲೆ ಉಳಿಯುವ ಮೊನೆ ಮೂತಿ. ಹದಿನಾಲ್ಕನೇ ಪಾಠ ಹೀಗಿತ್ತು: 'ತಂತಿಯನ್ನು ಕಲ್ಲಿನ ಹೊಟ್ಟೆಗೆ ಎರಡು ಸುತ್ತು ತನ್ನಿ. ಎರಡೂ ಬಾಲ ಮೇಲಕ್ಕೆಳೆದು ಕತ್ತು ಹಿಸುಕಿ. ಉಸಿರಾಡಲು ಬಿಡಬೇಡಿ. ಕಿವಿಯನ್ನು ಇಕ್ಕಳದಲ್ಲಿ ಹಿಡಿದು ಮುಕ್ಕಾಲು ಸುತ್ತು ಹಿಂಡಿ. ಬಾಲ ಕತ್ತರಿಸಿ, ಮೂತಿಯನ್ನು ಕತ್ತಿನೊಳಗೆ ತಳ್ಳಿ.' ಉಸಿರಾಡಲು ಬಿಡಬೇಡಿ ಎಂದರೆ ಸಂದು ಬಿಡಬೇಡಿ ಎಂದು ಅರ್ಥ. ಹಾಗೆ ಮಾಡಿದರೆ ಕಲ್ಲು ಎಲ್ಲಿಗೂ ಹೋಗದು. ನಾನೇ ಮಾಡಿ ನೋಡಿದ್ದೇನೆ.

ಒಂದು ಬುಧವಾರ ಹದಿನಾಲ್ಕನೇ ಪಾಠ ಮಾಯವಾಯಿತು. ಅದರ ಜಾಗದಲ್ಲಿ ಒಂದು ಬೂದು ಚೌಕ, ಅದರಲ್ಲಿ ಎರಡು ಸಾಲು: ಈ ಬರಹ ಜೀವಿಗಳ ಮೇಲಿನ ಹಿಂಸೆಗೆ ಪ್ರೋತ್ಸಾಹ ಕೊಡುತ್ತದೆ, ಆದ್ದರಿಂದ ತೆಗೆಯಲಾಗಿದೆ. ಹೀಗೆ ತೆಗೆಯುವುದು ಮನುಷ್ಯರಲ್ಲವಂತೆ, ಎಲ್ಲೋ ಕುಳಿತು ಎಲ್ಲವನ್ನೂ ಓದುವ ಒಂದು ಯಂತ್ರವಂತೆ. ಮೈದುನ ಮೂರು ಸಲ ಓದಿದ.

"ಯಾವ ಜೀವಿ ಅತ್ತಿಗೆ? ನಾನು ಹಿಸುಕಿದ್ದು ಕಲ್ಲನ್ನಲ್ವಾ?"

ಸಂಜೆ ಗುಂಪಿನ ಯಜಮಾನಿ ಫೋನು ಮಾಡಿದರು. ಅವರನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಬೈದರೂ ಹರಸಿದ ಹಾಗೆ ಕೇಳುವ ದನಿ. ಗುರುಗಳ ಮೇಲೆ ಗೌರವವಿದೆ, ಆದರೆ ಯಂತ್ರ ಎಚ್ಚರಿಕೆ ಕೊಟ್ಟಿದೆ, ಇನ್ನು ಎರಡು ಸಲ ಹೀಗಾದರೆ ಇಡೀ ಗುಂಪನ್ನೇ ಮುಚ್ಚುತ್ತದೆ ಎಂದರು. ಕೆಲವು ಗೆಳತಿಯರಿಗೂ ಆ ಮಾತುಗಳಿಂದ ನೋವಾಗಿದೆಯಂತೆ. ಕತ್ತು ಹಿಸುಕಿ ಎಂದು ಓದಿದಾಗ ತನ್ನ ಅತ್ತೆಯ ನೆನಪಾಗಿ, ಒಂದು ಕ್ಷಣ ಸಂತೋಷವೂ ಆಗಿ, ಆಮೇಲೆ ಪಶ್ಚಾತ್ತಾಪವಾಯಿತೆಂದು ಒಬ್ಬಳು ದೂರು ಕೊಟ್ಟಿದ್ದಳು. ಭಾನುವಾರದೊಳಗೆ ಅರವತ್ತಮೂರು ಪಾಠಗಳ ಭಾಷೆಯನ್ನೂ ತಿದ್ದಬೇಕು, ಇಲ್ಲದಿದ್ದರೆ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಹಾಗೆ ಹೇಳಿ, ಏನು ಬರೆಯಬೇಕೆಂಬ ಪಟ್ಟಿಯನ್ನೂ ಮೇಡಂ ಕಳಿಸಿದರು.

ಕತ್ತು ಹಿಸುಕಿ ಎಂಬಲ್ಲಿ 'ಕಲ್ಲನ್ನು ತಂತಿಯು ಮೃದುವಾಗಿ ಅಪ್ಪಿಕೊಳ್ಳಲಿ'. ಕಿವಿ ಹಿಂಡಿ ಎಂಬಲ್ಲಿ 'ಸುರುಳಿಗೆ ಪ್ರೀತಿಯ ತಿರುವು ಕೊಡಿ'. ಬಾಲ ಕತ್ತರಿಸಿ ಎಂಬಲ್ಲಿ 'ತಂತಿಯ ತುದಿಗೆ ವಿದಾಯ ಹೇಳಿ'. ಉಸಿರಾಡಲು ಬಿಡಬೇಡಿ ಎಂಬುದಕ್ಕೆ ಬದಲು ಏನೂ ಸಿಗಲಿಲ್ಲವಂತೆ, ಅದನ್ನು ಬಿಟ್ಟುಬಿಡಬಹುದು ಎಂದಿದ್ದರು.

ನಾಲ್ಕು ದಿನ ಮೇಜಿನ ಮುಂದೆ ಕುಳಿತು ತಿದ್ದಿದೆವು. ಓರಗಿತ್ತಿ ಚಹಾ ತಂದಿಟ್ಟು, ಅವನು ಬರೆದದ್ದನ್ನು ಭುಜದ ಮೇಲಿಂದ ಓದಿದಳು.

"ಮದುವೆಯಾಗಿ ಮೂವತ್ತು ವರ್ಷ ಆಯ್ತು ಅಕ್ಕ, ನನಗೆ ಒಂದು ದಿನ ಇಂಥ ಮಾತು ಬರಲಿಲ್ಲ. ಕಲ್ಲಿಗೆ ನೋಡಿ, ಅಪ್ಪುಗೆ ಅಂತೆ, ಪ್ರೀತಿಯ ತಿರುವಂತೆ."

"ನೀನೂ ಬಾಯಿ ಬಿಡದೆ ಕೂತಿದ್ರೆ ನಿನಗೂ ಹೇಳ್ತಿದ್ದೆ" ಎಂದ ಅವನು, ತಲೆ ಎತ್ತದೆ.

ನನ್ನ ಹತ್ತಿರ ಮಾತ್ರ ಒಂದು ಪ್ರಶ್ನೆ ಕೇಳಿದ. ಪಾಠವೇ ಇಲ್ಲದಿರುವುದಕ್ಕಿಂತ ಸ್ವಲ್ಪ ಸಡಿಲವಾದ ಪಾಠ ವಾಸಿಯಲ್ಲವೇ, ಯಾರ ಕೈಗಾದರೂ ಇಷ್ಟಾದರೂ ಉಳಿಯುತ್ತದಲ್ಲ ಎಂದ. ಸಡಿಲವಾದ ಗಂಟನ್ನು ಯಾರು ಗಂಟೆನ್ನುತ್ತಾರೆ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಅವನು ಮುಂದಿನ ಪಾಠಕ್ಕೆ ಹೋಗಿದ್ದ.

ತಿದ್ದಿದ ಪಾಠಗಳಿಗೆ ಮೊದಲಿಗಿಂತ ಮೂರು ಪಟ್ಟು ಹೃದಯಗಳು ಬಂದವು. ಓದಿ ಕಣ್ಣಲ್ಲಿ ನೀರು ಬಂತು ಎಂದು ಎಷ್ಟೋ ಜನ ಬರೆದರು. ಒಬ್ಬಳು ಮಾತ್ರ ಬೇರೆ ಬರೆದಳು. ಅವಳು ಹಲ್ಲಿನ ಡಾಕ್ಟರ ಹತ್ತಿರ ಡೊಂಕು ಹಲ್ಲು ನೇರ ಮಾಡುವ ತಂತಿ ಬಗ್ಗಿಸುವ ಕೆಲಸದವಳು. ಹೊಸ ಹದಿನಾಲ್ಕನೇ ಪಾಠದಂತೆ ಮಾಡಿದೆ, ಕಲ್ಲು ಅಲ್ಲಾಡುತ್ತದೆ, ಪ್ರೀತಿಯ ತಿರುವು ಎಂದರೆ ಎಷ್ಟು ಸುತ್ತು ಎಂದು ಕೇಳಿದ್ದಳು. ಮೈದುನ ಕನ್ನಡಕ ಹುಡುಕಿ, ಹಾಕಿಕೊಂಡು, ಉತ್ತರ ಬರೆಯಲು ಕೂತಾಗ ಪ್ರಶ್ನೆಯೇ ಇರಲಿಲ್ಲ. ಗುಂಪಿನಲ್ಲಿ ಬೇಸರದ ಮಾತು ಬೇಡವೆಂದು ಮೇಡಂ ತೆಗೆಸಿದ್ದರು.

ಅಂದಿನಿಂದ ಅವನು ಹೃದಯ ಎಣಿಸುವುದನ್ನು ನಿಲ್ಲಿಸಿದ. ಎರಡು ವರ್ಷದಲ್ಲಿ ಸುತ್ತಿನ ಲೆಕ್ಕ ಕೇಳಿದವಳು ಇವಳೊಬ್ಬಳೇ, ಹಾಗಾದರೆ ಉಳಿದವರು ಮಾಡಿದ್ದೇನು ಎಂದು ನನ್ನನ್ನು ಕೇಳಿದ. ನನಗೆ ಉತ್ತರ ಗೊತ್ತಿತ್ತು. ಆರಿದ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದೆ.

ಮುಂದಿನ ತಿಂಗಳು ಗುಂಪಿನವರೆಲ್ಲ ಒಂದು ಹಾಲ್‌ನಲ್ಲಿ ಸೇರುವುದೆಂದಾಯಿತು. ತಾವೇ ಮಾಡಿದ ಪದಕ ಹಾಕಿಕೊಂಡು ಬರಬೇಕು, ಗುರುಗಳಿಗೆ ವೇದಿಕೆಯ ಮೇಲೆ ಕುರ್ಚಿ. ಮೈದುನ ಒಗೆದ ಅಂಗಿ ಹಾಕಿ, ಅದರ ಜೇಬಿಗೆ ಸಣ್ಣ ಇಕ್ಕಳವನ್ನೂ ಹಾಕಿಕೊಂಡ. ಸನ್ಮಾನಕ್ಕೆ ಹೋಗುವಾಗ ಇಕ್ಕಳ ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ, ಪೆನ್ನು ಇಟ್ಟುಕೊಳ್ಳುವವರನ್ನು ಯಾರೂ ಕೇಳುವುದಿಲ್ಲ ಎಂದ.

ಹನ್ನೊಂದು ಸಾವಿರದಲ್ಲಿ ಬಂದವರು ನೂರ ಮೂವತ್ತಾರು. ನಾನು ಎರಡು ಸಲ ಎಣಿಸಿದೆ. ಮೈದುನ ಮೊದಲು ತಲೆಯ ಮೇಲಿನ ಫ್ಯಾನಿನ ಸದ್ದು ಕೇಳಿ, ಅದರ ಕಾಯಿಲು ವರ್ಷ ದಾಟುವುದಿಲ್ಲ ಎಂದ. ಆಮೇಲೆ ಕೊರಳುಗಳನ್ನು ನೋಡಿದ. ಮೂವತ್ತೊಂದು ಕೊರಳಲ್ಲಿ ತಂತಿಯ ಪದಕವಿತ್ತು. ಅದರಲ್ಲಿ ಇಪ್ಪತ್ತೆರಡು ಒಂದೇ ಅಚ್ಚಿನವು, ಅಂಗಡಿಯಲ್ಲಿ ಕೊಂಡವು. ಉಳಿದ ಒಂಬತ್ತು ಕೈಯಲ್ಲಿ ಮಾಡಿದವು. ಅಷ್ಟು ದೂರದಿಂದಲೂ ಪದಕದ ಕತ್ತು ನೋಡಿಯೇ ಅವನಿಗೆ ಹಳೆಯ ಪಾಠ ಯಾವುದು, ಹೊಸದು ಯಾವುದು ಎಂದು ತಿಳಿಯುತ್ತಿತ್ತು.

ಮೇಡಂ ಕೊರಳಲ್ಲೂ ಒಂದಿತ್ತು, ನೀಲಿ ಕಲ್ಲಿನದು. ಹೊಸ ಹದಿನಾಲ್ಕನೇ ಪಾಠದಂತೆ ತಾವೇ ಮಾಡಿದ್ದೆಂದು ಎತ್ತಿ ತೋರಿಸಿದರು. ಕಾಲರಿಗೆ ಮೈಕು ಸಿಕ್ಕಿಸಿಕೊಂಡು, ಮಾತು ಮೃದುವಾದರೆ ಕೈ ಮೃದುವಾಗುತ್ತದೆ, ಕೈ ಮೃದುವಾದರೆ ಲೋಕವೇ ಮೃದುವಾಗುತ್ತದೆ ಎಂದು ಭಾಷಣ ಮಾಡಿದರು. ಲೋಕ ಎಂದು ಎರಡೂ ತೋಳು ಚಾಚಿದಾಗ ಕಲ್ಲು ಅಪ್ಪುಗೆ ಬಿಟ್ಟಿತು. ಟಕ್ ಎಂದು ಬಿದ್ದು ಉರುಳಿಕೊಂಡು ಹೋಯಿತು. ಖಾಲಿ ತಂತಿ ಮಾತ್ರ ಕೊರಳಲ್ಲಿ ಉಳಿಯಿತು.

ಮೊದಲ ಎರಡು ಸಾಲಿನವರು ಮಂಡಿಯೂರಿ ಕುರ್ಚಿಗಳ ಕೆಳಗೆ ಹುಡುಕಿದರು. ಸಿಕ್ಕಿದ್ದು ಮೈದುನನಿಗೆ, ವೇದಿಕೆಯ ಮೆಟ್ಟಿಲ ಸಂದಿಯಲ್ಲಿ. ಅವನು ಕಲ್ಲನ್ನು ಅಂಗಿಗೆ ಒರೆಸಿಕೊಂಡು ಮೇಡಂ ಎದುರು ನಿಂತ. ಆಗ ಅವನಿಗೆ ಹಾಲ್ ಮರೆತುಹೋಗಿತ್ತು. ಕೆಟ್ಟದ್ದೊಂದು ರಿಪೇರಿಗೆ ಬಂದಿದೆ, ಅಷ್ಟೇ. ಜೇಬಿನಿಂದ ಇಕ್ಕಳ ತೆಗೆದ. ಕಾಲರಿನ ಮೈಕನ್ನು ಯಾರೂ ಆರಿಸಿರಲಿಲ್ಲ.

"ಅಲ್ಲಾಡಬೇಡಿ ಮೇಡಂ" ಎಂಬುದು ನಾಲ್ಕೂ ಗೋಡೆಗೆ ಕೇಳಿಸಿತು. "ಮೊದಲು ಕತ್ತು ಹಿಸುಕ್ತೀನಿ. ಆಮೇಲೆ ಕಿವಿ ಹಿಂಡ್ತೀನಿ. ಬಾಲ ಎಷ್ಟುದ್ದ ಬಿಟ್ಟಿದ್ದೀರಿ, ಅದನ್ನೂ ಕತ್ತರಿಸಿಬಿಡ್ತೀನಿ."

ಮೇಡಂ ಅಲ್ಲಾಡಲಿಲ್ಲ. ನನಗನಿಸುತ್ತದೆ, ಅವರಿಗೆ ಆಗುತ್ತಲೂ ಇರಲಿಲ್ಲ. ಜನ ನಗುವುದೋ ಹೆದರುವುದೋ ತಿಳಿಯದೆ, ಇಂಥ ಹೊತ್ತಿನಲ್ಲಿ ಈಗಿನವರು ಮಾಡುವುದನ್ನೇ ಮಾಡಿದರು: ಫೋನು ಎತ್ತಿ ವಿಡಿಯೋ ತೆಗೆದರು. ಅವನು ಕೈಯ ಜೊತೆಗೆ ಬಾಯಲ್ಲೂ ಅದನ್ನೇ ಹೇಳುತ್ತಾ ಹೋದ, ಎರಡು ನಿಮಿಷದಲ್ಲಿ ಕಲ್ಲು ಕೂತಿತು. ಮೈದುನ ಅದನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ, "ಈಗ ಲೋಕ ತೋರಿಸಿ" ಎಂದ.

ಮನೆ ಮುಟ್ಟುವಷ್ಟರಲ್ಲಿ ಇಪ್ಪತ್ತಾರು ಜನ ಆ ವಿಡಿಯೋವನ್ನು ಗುಂಪಿಗೆ ಹಾಕಿದ್ದರು. ಎರಡು ಸಲಕ್ಕೆ ಮುಚ್ಚುವ ಯಂತ್ರಕ್ಕೆ ಇಪ್ಪತ್ತಾರು ಸಲ ಕತ್ತು ಹಿಸುಕುವ ಮಾತು ಕೇಳಿಸಿತು. ಅದು ಗುಂಪನ್ನು ಮುಚ್ಚಿತು. ಅರವತ್ತಮೂರು ಪಾಠ, ಹೂವಿನ ಚಿತ್ರ, ಹೃದಯ, ಹನ್ನೊಂದು ಸಾವಿರ ಗೆಳತಿಯರು, ಎಲ್ಲವೂ ಒಂದೇ ಬೂದು ಚೌಕವಾದವು. ಮೇಡಂ ಮರುದಿನವೇ ಕಾಗದದ ಹೂವಿನ ಗುಂಪು ಶುರುಮಾಡಿದರೆಂದು ಮಗಳು ಹೇಳಿದಳು. ಒಂಬತ್ತು ಸಾವಿರ ಜನ ಅಲ್ಲಿಗೆ ಹೋಗಿ ಅವೇ ಹೃದಯಗಳನ್ನು ಒತ್ತುತ್ತಿದ್ದರಂತೆ.

ಮೈದುನ ಎರಡು ದಿನ ಮೇಜಿನ ಹತ್ತಿರ ಹೋಗಲಿಲ್ಲ. ಓರಗಿತ್ತಿ ಆ ಎರಡು ದಿನವೂ ಅವನಿಗೆ ಒಂದು ಚುಚ್ಚು ಮಾತೂ ಆಡಲಿಲ್ಲ. ಅದರಿಂದಲೇ ಅವನಿಗೆ ಭಯ ಹೆಚ್ಚಾಯಿತೆಂದು ಕಾಣುತ್ತದೆ.

ಮಂಗಳವಾರ ಮಧ್ಯಾಹ್ನ ಬಾಗಿಲು ಬಡಿದರು. ಹಲ್ಲಿನ ತಂತಿಯವಳು ಇನ್ನೂ ಮೂವರನ್ನು ಕರೆದುಕೊಂಡು ಬಂದಿದ್ದಳು. ನಾಲ್ವರದೂ ಹಾಲ್‌ನಲ್ಲಿ ನೋಡಿದ ಆ ಒಂಬತ್ತರ ಪೈಕಿಯ ಕೊರಳುಗಳು. ಕಾಯಿಲ್ ಮಾಮನ ಮನೆ ಎಂದು ಬಸ್ ನಿಲ್ದಾಣದಲ್ಲಿ ಕೇಳಿದರೆ ಸಾಕಾಯಿತಂತೆ. ಓರಗಿತ್ತಿ ಕುರ್ಚಿ ಸಾಲದೆ ಮಂಚದ ಕೆಳಗಿನ ದೊಡ್ಡ ಉರುಳೆಗಳನ್ನು ಎಳೆದು ನಿಲ್ಲಿಸಿ, ಕೂತ್ಕೊಳ್ಳಿ ಎಂದಳು.

ಮೈದುನ ಹಳೆಯ ಭಾಷೆಯಲ್ಲೇ ಹೇಳಿಕೊಟ್ಟ. ನಾಲ್ವರೂ ತಲೆ ಬಗ್ಗಿಸಿ ಹಿಸುಕಿದರು, ಹಿಂಡಿದರು. ಬಾಲದ ಮೂತಿಯನ್ನು ಕತ್ತಿನೊಳಗೆ ತಳ್ಳುವ ಹಂತಕ್ಕೆ ಬಂದಾಗ ಹಲ್ಲಿನ ತಂತಿಯವಳು ಕೈ ನಿಲ್ಲಿಸಿದಳು.

"ಇದು ತಪ್ಪು ಸರ್."

ಮೂವತ್ತೆಂಟು ವರ್ಷದಲ್ಲಿ ಆ ಕೈಗೆ ತಪ್ಪು ಎಂದವರನ್ನು ನಾನು ಕಂಡಿಲ್ಲ.

"ಮೋಟಾರಿಗೆ ಸರಿ. ಅದರೊಳಗೆ ಯಾರೂ ಬೆರಳು ಹಾಕಲ್ಲ. ಇದು ಮೈಗೆ ತಾಗೋದು. ಬಾಯಲ್ಲಿ ಹೀಗೆ ಚೂಪು ತುದಿ ಬಿಟ್ರೆ ಕೆನ್ನೆ ಕೊಯ್ದುಬಿಡುತ್ತೆ. ಮೊದಲು ಮೂತೀನ ಉಂಡೆ ಮಾಡ್ಕೋಬೇಕು, ಆಮೇಲೆ ತಳ್ಳಬೇಕು."

ಮೈದುನ ತನ್ನ ಪದಕವನ್ನು ಎತ್ತಿ, ಕತ್ತಿನ ಹಿಂದೆ ಹೆಬ್ಬೆರಳು ಒತ್ತಿ ಎಳೆದ. ಸಣ್ಣದೊಂದು ಗೀರು ಬಿದ್ದು ರಕ್ತದ ಚುಕ್ಕಿ ಕಾಣಿಸಿತು. ಆಮೇಲೆ ಪೂರ್ತಿ ಮಾಡಿದ್ದ ಪದಕವನ್ನು ಬಿಚ್ಚತೊಡಗಿದ. ಕಲ್ಲು ಮೇಜಿನ ಮೇಲೆ ಬಂತು. ತಂತಿಯನ್ನು ನೇರ ಮಾಡಿಕೊಂಡ. ತನ್ನ ಉರುಳೆಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತ.

"ಹೇಗಮ್ಮ, ತೋರಿಸು" ಎಂದ. "ನಿಧಾನವಾಗಿ."