ಗಾಳಕ್ಕೆ ಮಸಾಲೆ ಹಚ್ಚಿದ ಬೊಂಡಾಸ್

ಜುಲೈ ತಿಂಗಳಲ್ಲಿ ದುಬೈ ಸಮುದ್ರಕ್ಕೆ ಮೀನು ಹಿಡಿಯಲು ಹೋಗುವವರು ಎರಡೇ ಥರದವರು. ಹೊಟ್ಟೆಪಾಡಿಗೆ ಹೋಗುವವರು, ತಲೆ ಕೆಟ್ಟವರು. ನನ್ನ ಗಂಡ ರಾಸ್ ಅಲ್ ಖೋರ್‌ನ ಸ್ಪೇರ್ ಪಾರ್ಟ್ಸ್ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಅವರು ಯಾವ ಗುಂಪಿಗೆ ಸೇರುತ್ತಾರೆಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕಳೆದ ವರ್ಷ ಇವರು ರಿಟೈರ್ ಆದರು. ವೀಸಾ ಕ್ಯಾನ್ಸಲ್ ಆಯಿತು, ಮಂಗಳೂರಿಗೆ ಟಿಕೆಟ್ ಬಂತು, ಊದ್ ಮೇಥಾದ ಫ್ಲ್ಯಾಟಿನ ಸಾಮಾನೆಲ್ಲ ಕಾರ್ಗೋದಲ್ಲಿ ಹೋಯಿತು. ಉಳಿದದ್ದು ಎರಡು ಸೂಟ್‌ಕೇಸ್, ಒಂದು ಹಾಸಿಗೆ, ಫ್ಲ್ಯಾಟಿನ ಮಾಲೀಕನದ್ದೇ ಆದ ಒಲೆ ಮತ್ತು ಫ್ರಿಜ್ಜು, ಜೊತೆಗೆ ಇವರ ಒಂದು ಹಠ.

ಹಠ ಹಳೆಯದು. ಮಗಳು ಚಿಕ್ಕವಳಿದ್ದಾಗ ತಟ್ಟೆಗೆ ಮೀನು ಬಡಿಸಿದ ಕೂಡಲೇ, "ಪಪ್ಪಾ, ಇದು ನೀವು ಹಿಡಿದದ್ದಾ?" ಎಂದು ಕೇಳುತ್ತಿದ್ದಳು. "ಇದಲ್ಲ ಮಗಾ, ಒಂದು ದಿನ ನಾನೇ ಹಿಡಿದು ತಂದು ನಿಂಗೆ ತಿನ್ನಿಸ್ತೇನೆ" ಎಂದು ಇವರು ಹೇಳುತ್ತಿದ್ದರು. ಅವಳು ಶಾಲೆ ಮುಗಿಸಿದಳು, ಕಾಲೇಜು ಮುಗಿಸಿದಳು, ಅಬುಧಾಬಿಯಲ್ಲಿ ಕೆಲಸಕ್ಕೆ ಸೇರಿ ಸ್ವಂತ ವೀಸಾದವಳಾದಳು. ಮೀನು ಮಾತ್ರ ಬರಲಿಲ್ಲ. ರಜೆಯ ದಿನಗಳಲ್ಲಿ ದಡದ ಮೇಲೆ ನಿಂತು ನಿಂತು ಇವರು ಹಿಡಿದದ್ದು ಒಂದು ಚಪ್ಪಲಿ, ಕೆಲವು ಏಡಿ, ಮತ್ತು ಪಕ್ಕದಲ್ಲಿ ನಿಂತಿದ್ದ ಫಿಲಿಪಿನೋನ ಗಾಳ.

ಹೊರಡುವ ಮುಂಚೆ ನಿಮಗೇನು ಬೇಕೆಂದು ಮಗಳು ಕೇಳಿದಾಗ ಇವರು ಶರ್ಟು, ವಾಚು ಎಂದೇನೂ ಹೇಳಲಿಲ್ಲ. "ಬೋಟ್ ಬುಕ್ ಮಾಡು, ಹಮೂರ್ ಹಿಡೀಬೇಕು" ಎಂದರು. ಹಮೂರ್ ಅಂದರೆ ನಮ್ಮ ಕಡೆಯ ಮುರು ಮೀನು.

"ಪಪ್ಪಾ, ಇಟ್ಸ್ ಟೂ ಹಾಟ್. ಎವೆರಿಬಡಿ ಸೇಸ್ ಅಕ್ಟೋಬರ್" ಎಂದಳು ಅವಳು. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ದೊಡ್ಡವಳಾದ ಮೇಲೆ ನಾವು ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ.

"ಅಕ್ಟೋಬರಿಗೆ ನಾನು ಇಲ್ಲಿ ಇಲ್ವಲ್ಲ" ಎಂದರು ಇವರು.

ಅವಳು ಬೋಟ್ ಬುಕ್ ಮಾಡಿದಳು. ಬೋಟಿಗೆ ಹೋಗುವ ದಿನವೇ ಸಂಜೆ ಊಟಕ್ಕೆ ಬರುತ್ತೇನೆ ಎಂದಳು. ಮರುದಿನ ನಮ್ಮ ವಿಮಾನ. ಆ ಊಟಕ್ಕೆ ಪಪ್ಪ ಹಿಡಿದ ಮೀನು ಇರಬೇಕು, ಅಷ್ಟೇ ಲೆಕ್ಕ.

ಬೋಟಿನವರು ಇಡುವ ಎರೆ ಹಳಸಿರುತ್ತದೆ ಎಂದು ಇವರೇ ಹಿಂದಿನ ದಿನ ದೇರಾದ ಮಾರ್ಕೆಟಿನಿಂದ ತಾಜಾ ಬೊಂಡಾಸ್, ಅಂದರೆ ಸ್ಕ್ವಿಡ್, ತಂದರು. ನಮ್ಮ ಮನೆಯಲ್ಲಿ ಮೀನು ತರುವುದು, ಕ್ಲೀನ್ ಮಾಡುವುದು ಇವರ ಕೆಲಸ, ಬೇಯಿಸುವುದು ನನ್ನದು. ನಾನು ಸೂಟ್‌ಕೇಸ್ ತೂಗುತ್ತಾ ಕೂತಿದ್ದೆ. ಇವರು ಅಡುಗೆಮನೆಯಲ್ಲಿ ಫೋನಿನಲ್ಲಿ ಊರಿನ ಸುದ್ದಿ ಕೇಳುತ್ತಾ ಬೊಂಡಾಸ್ ಕತ್ತರಿಸುತ್ತಿದ್ದರು. ಬೆಳಿಗ್ಗೆ ಬೊಂಡಾಸಿನ ಡಬ್ಬವನ್ನು ಐಸಿನಲ್ಲಿಟ್ಟುಕೊಂಡು ಹೊರಟೆವು. ನನಗೆ ಮೀನಿನ ಮೇಲೇನೂ ಆಸೆಯಿರಲಿಲ್ಲ. ಬಿಸಿಲಿಗೆ ಇವರು ಎಲ್ಲಿಯಾದರೂ ಬಿದ್ದರೆ ಎತ್ತಲು ಒಬ್ಬರು ಬೇಕಲ್ಲ ಎಂದು ಹೋದೆ.

ಬೋಟು ಓಡಿಸುವವನು ಕಣ್ಣೂರಿನ ಕಡೆಯವನು, ಹಿಂದಿ ಮಾತಾಡುತ್ತಿದ್ದ. ದಡ ಮಂಜುಮಂಜಾಗುವಷ್ಟು ದೂರ ಹೋಗಿ, ಹಿಂದೆಂದೋ ಮುಳುಗಿದ ಒಂದು ಬಾರ್ಜಿನ, ಅಂದರೆ ಸರಕು ದೋಣಿಯ, ಮೇಲೆ ನಿಲ್ಲಿಸಿದ. ಎದುರಿನ ಮೀನು ಹುಡುಕುವ ಯಂತ್ರದ ಸಣ್ಣ ಪರದೆಯಲ್ಲಿ ಸಮುದ್ರದ ತಳ ಒಂದು ದಪ್ಪ ಗೆರೆಯಂತೆ ಕಾಣುತ್ತಿತ್ತು. ಅದಕ್ಕಿಂತ ಬಹಳ ಮೇಲೆ, ನೀರಿನ ನಡುವೆ, ಕೆಲವು ಗೀಟುಗಳು.

"ವೋ ಸಬ್ ಮಚ್ಛಿ ಹೈ" ಎಂದ. ಮೇಲೆ ನೀರು ಕಾದಿದೆ, ತಳದಲ್ಲಿ ಉಸಿರು ಕಟ್ಟುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಮೀನು ಎರಡರ ನಡುವೆ ತೂಗಿಕೊಂಡು ನಿಂತುಬಿಡುತ್ತದಂತೆ. ಓಡುವುದಿಲ್ಲ, ಎರೆಯನ್ನು ಅಟ್ಟಿಸಿಕೊಂಡು ಬರುವುದಿಲ್ಲ, ಹಸಿವೂ ಅಷ್ಟಕ್ಕಷ್ಟೆ. ಎರೆಯನ್ನು ಸರಿಯಾಗಿ ಏಳು ಮಾರು ಆಳಕ್ಕೆ ಇಳಿಸಿ, ಅದರ ಮೂತಿಯ ಎದುರು ಅಲ್ಲಾಡಿಸದೆ ಹಿಡಿದುಕೊಳ್ಳಬೇಕು. ಮನಸ್ಸಾದರೆ ಬಾಯಿ ತೆರೆಯುತ್ತದೆ. ವೀಸಾ ಕ್ಯಾನ್ಸಲ್ ಆದ ಮೇಲೆ ಇವರೂ ಸೋಫಾ ಇದ್ದ ಜಾಗದಲ್ಲಿ ಹೀಗೆಯೇ ನಿಂತಿರುತ್ತಿದ್ದರು. ನನಗೆ ಆ ಮೀನುಗಳ ವಿಷಯ ಚೆನ್ನಾಗಿಯೇ ಅರ್ಥವಾಯಿತು.

ಇವರು ಡಬ್ಬದ ಮುಚ್ಚಳ ತೆಗೆದರು. ಒಳಗೆ ಬೊಂಡಾಸ್ ಕೆಂಪಗೆ ಹೊಳೆಯುತ್ತಿತ್ತು. ಉಪ್ಪು, ಅರಶಿನ, ಮೆಣಸಿನ ಹುಡಿ, ಸ್ವಲ್ಪ ವಿನೆಗರ್. ಮಸಾಲೆ ರಾತ್ರಿಯಿಡೀ ಚೆನ್ನಾಗಿ ಹಿಡಿದುಕೊಂಡಿತ್ತು.

ಫ್ರಿಜ್ಜಿಲ್ಲದ ಕಾಲದಲ್ಲಿ ಇವರ ಅಮ್ಮ ಕಲಿಸಿದ ಪಾಠ ಅದು: ಮನೆಯೊಳಗೆ ಬಂದ ಮೀನನ್ನು ಬರಿಮೈಯಲ್ಲಿ ಇಡಬಾರದು. ಇಷ್ಟು ವರ್ಷ ಇಟ್ಟದ್ದೂ ಇಲ್ಲ. ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿ ಮುಗಿಸಿತ್ತು.

"ಯೆ ಫ್ರೈ ಕರ್ನೇ ಕೇ ಲಿಯೇ ಹೈ?" ಎಂದು ಬೋಟಿನವನು ಕೇಳಿದ, ಇದು ಹುರಿಯಲಿಕ್ಕಾ ಎಂದು.

"ಅವನ ಹತ್ರ ಬೇರೆ ಎರೆ ಉಂಟಾ ಕೇಳಿ" ಎಂದೆ ನಾನು. ಇವರು ಕೇಳಿದರು.

"ಮಾಫಿ" ಎಂದ ಅವನು. ಇಲ್ಲ ಎನ್ನುವುದಕ್ಕೆ ಇಲ್ಲಿ ಎಲ್ಲರೂ ಬಳಸುವ ಮಾತು. ಎರೆ ನಾವೇ ತರುತ್ತೇವೆಂದು ಹೇಳಿದವರು ನಾವೇ. ಅವನು ನೆರಳಿಗೆ ಹೋಗಿ ಫೋನ್ ನೋಡುತ್ತಾ ಕೂತ.

ಇವರು ಅರ್ಧದಷ್ಟು ತುಂಡುಗಳನ್ನು ಸಮುದ್ರದ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದರು. ಬಣ್ಣ ಹೋಯಿತು, ಖಾರ ಎಷ್ಟು ಹೋಯಿತೋ ಗೊತ್ತಿಲ್ಲ. ಮೊದಲು ಊರಿನ ಹೊಳೆಯ ಅಭ್ಯಾಸದಂತೆ ಸೀಸದ ಗುಂಡನ್ನು ತಳಕ್ಕೆ ಮುಟ್ಟಿಸಿದರು, ಮೀನುಗಳನ್ನೆಲ್ಲ ದಾಟಿಸಿ. ಬೋಟಿನವನು ಕೂತಲ್ಲಿಂದಲೇ "ಊಪರ್, ಊಪರ್" ಎಂದ. ಆಮೇಲೆ ಏಳು ಮಾರಿಗೆ ತಂದರು. ಆದರೆ ಜೀವಮಾನವಿಡೀ ಸ್ಟಾಕ್ ಚೆಕ್ ಮಾಡಿದವರಿಗೆ ಕಣ್ಣಿಗೆ ಕಾಣದ ಕಡೆ ಒಂದು ವಸ್ತುವನ್ನು ಸುಮ್ಮನೆ ಬಿಟ್ಟಿರಲು ಆಗುತ್ತದೆಯೇ? ಎರಡು ನಿಮಿಷಕ್ಕೊಮ್ಮೆ ಮೇಲೆಳೆದು, ಬೊಂಡಾಸ್ ಇದೆಯೇ ಎಂದು ನೋಡಿ, ಮತ್ತೆ ಇಳಿಸುತ್ತಿದ್ದರು.

"ಸುಮ್ಮನೆ ಹಿಡ್ಕೊಳ್ಳಿ ಮಾರಾಯ್ರೆ" ಎಂದೆ.

"ಬಿದ್ದು ಹೋಗಿದ್ರೆ?"

"ಬಿದ್ದು ಹೋಗಿದ್ರೆ ಮಂಗಳೂರಿಗೆ ಹೋಗುವ."

ಬಿಸಿಲು ಏರಿತು. ಬೆವರು ಒರೆಸಲು ಇವರು ಮಸಾಲೆ ತೊಳೆದ ಅದೇ ಕೈಯನ್ನು ಕಣ್ಣಿಗೆ ಒಯ್ದರು. ಆಮೇಲೆ ನಡೆದದ್ದನ್ನು ವಿವರಿಸಬೇಕಾಗಿಲ್ಲ. ಅಡುಗೆ ಮಾಡುವವರಿಗೆಲ್ಲ ಗೊತ್ತಿದೆ. ನಾನು ಒದ್ದೆ ಟವೆಲನ್ನು ಇವರ ಮುಖದ ಮೇಲೆ ಹಾಕಿ, ತಲೆ ಹಿಂದಕ್ಕೆ ಮಾಡಿ ಕೂರಿಸಿದೆ. ಎರಡೂ ಕಣ್ಣು ಮುಚ್ಚಿ, ಕೈಯಲ್ಲಿ ಗಾಳದ ಕೋಲು ಹಿಡಿದು ಇವರು ಕೂತರು. ನೋಡಲು ಆಗದ ಮೇಲೆ ಎಳೆದು ಏನು ಪ್ರಯೋಜನ? ಅಂದು ಮೊದಲ ಸಲ ದಾರ ಅಲ್ಲಾಡದೆ ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಟವೆಲಿನ ಒಳಗಿನಿಂದ, "ಇದು ಭಾರ ಆಗ್ತಾ ಉಂಟು" ಎಂಬ ಮಾತು ಬಂತು.

ಎಳೆತವಿಲ್ಲ, ಜಗ್ಗಾಟವಿಲ್ಲ. ಯಾರೋ ದಾರಕ್ಕೆ ಒಂದು ಚೀಲ ತೂಗುಹಾಕಿದಂತೆ. ಕೆಂಪು ಕಣ್ಣು ಅರ್ಧ ತೆರೆದು ಇವರು ರೀಲ್ ಸುತ್ತತೊಡಗಿದರು. ನೀರಿನಿಂದ ಕಂದು ಬಣ್ಣದ, ಕಿತ್ತಳೆ ಚುಕ್ಕೆಗಳ ಒಂದು ಹಮೂರ್ ಮೇಲೆ ಬಂತು. ನಿದ್ದೆಯಿಂದ ಎಬ್ಬಿಸಿದವರ ಮುಖವಿತ್ತು ಅದಕ್ಕೆ. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. ನನಗೆ ತುಂಬಾ ಸಂತೋಷವಾಯಿತು. ಮದುವೆಯಾದಾಗಿನಿಂದ ನಾನು ಈ ಮೀನನ್ನು ಕಾಯುತ್ತಿದ್ದೆ ಎಂಬುದು ಆಗಲೇ ನನಗೂ ತಿಳಿದದ್ದು.

ಬೋಟಿನವನು ಎದ್ದು ಬಂದು ಅಳತೆಯ ಹಲಗೆಯನ್ನು ಕೆಳಗಿಟ್ಟ. ಇಲ್ಲಿ ಇಷ್ಟುದ್ದಕ್ಕಿಂತ ಸಣ್ಣ ಹಮೂರ್ ಇಟ್ಟುಕೊಳ್ಳುವ ಹಾಗಿಲ್ಲ. ಬಾಲ ಗೆರೆಯಿಂದ ಎರಡು ಬೆರಳು ಈಚೆಗೇ ಉಳಿಯಿತು. ಇನ್ನೊಮ್ಮೆ ಅಳೆದ, ಬಾಲವನ್ನು ನೀವಿ ಎಳೆದು ಅಳೆದ. ಎರಡು ಬೆರಳು.

"ಛೋಟಾ ಹೈ. ಖಲಾಸ್" ಎಂದ.

ನಾನು ಜಗಳಕ್ಕೆ ಬಾಯಿ ತೆರೆದೆ. ಇವರು ಕೈ ಎತ್ತಿ ತಡೆದರು. ತಪ್ಪು ಅಳತೆಯ ಒಂದು ಬೋಲ್ಟನ್ನೂ ಗೋದಾಮಿನಿಂದ ಹೊರಗೆ ಬಿಡದಿದ್ದ ಮನುಷ್ಯ. "ಬಿಡುವ" ಎಂದರು.

ಬಿಟ್ಟರೆ ಮೀನು ಮುಳುಗಲಿಲ್ಲ. ಆಳದಿಂದ ಬಂದದ್ದಕ್ಕೆ ಹೊಟ್ಟೆ ಉಬ್ಬಿ, ಪಕ್ಕಕ್ಕೆ ವಾಲಿಕೊಂಡು ತೇಲಿತು. ಹೀಗೆ ಬಿಟ್ಟರೆ ಸಾಯುತ್ತದೆ ಎಂದ ಬೋಟಿನವನು, ಸೀಸದ ಗುಂಡು ಕಟ್ಟಿದ ಒಂದು ಕ್ಲಿಪ್ಪನ್ನು ಅದರ ತುಟಿಗೆ ಸಿಕ್ಕಿಸಿದ. ಇದ್ದ ಆಳಕ್ಕೆ ಇಳಿಸಿ ದಾರ ಜಗ್ಗಿದರೆ ಕ್ಲಿಪ್ ಬಿಟ್ಟುಕೊಳ್ಳುತ್ತದಂತೆ.

"ನಾನೇ ಇಳಿಸ್ತೇನೆ" ಎಂದು ಇವರು ದಾರ ತೆಗೆದುಕೊಂಡರು. ಒಂದೊಂದೇ ಮಾರು ಬಿಟ್ಟರು. ಏಳಕ್ಕೆ ನಿಲ್ಲಿಸಿದರು. ಆಮೇಲೆ ಬಹಳ ಹೊತ್ತು ಜಗ್ಗಲಿಲ್ಲ. ಕೊನೆಗೆ ಮೆಲ್ಲಗೆ ಒಮ್ಮೆ ಜಗ್ಗಿ, "ಹೋಯ್ತು" ಎಂದರು. ಕಣ್ಣು ಇನ್ನೂ ಒರೆಸಿಕೊಳ್ಳುತ್ತಿದ್ದರು. ಮೆಣಸಿನ ಖಾರ ಅಷ್ಟು ಹೊತ್ತು ಇರುವುದಿಲ್ಲ.

ಮತ್ತೆ ಒಂದೂ ಸಿಗಲಿಲ್ಲ. ಸಂಜೆ ಪಕ್ಕದ ಫ್ಲ್ಯಾಟಿನಿಂದ ತವಾ ಕೇಳಿ ತಂದು, ತೊಳೆಯದೆ ಉಳಿದಿದ್ದ ಬೊಂಡಾಸನ್ನು ಹುರಿದೆ. ಖಾಲಿ ಹಾಲ್‌ನಲ್ಲಿ ನೆಲದ ಮೇಲೆ ಪೇಪರ್ ಹಾಸಿ ಮೂವರೂ ಕೂತೆವು. ಮಗಳು ಒಂದು ತುಂಡು ಬಾಯಿಗೆ ಹಾಕಿಕೊಂಡು, ಚಿಕ್ಕಂದಿನ ಹಾಗೆಯೇ, ಇಂಗ್ಲಿಷ್ ಬಿಟ್ಟು ಕೇಳಿದಳು.

"ಪಪ್ಪಾ, ಇದು ನೀವು ಹಿಡಿದದ್ದಾ?"

"ಇದಲ್ಲ" ಎಂದರು ಇವರು. "ನಾನು ಹಿಡಿದದ್ದು ಅಲ್ಲೇ ಉಂಟು. ಬಾರ್ಜಿನ ಮೇಲೆ, ಏಳು ಮಾರು ಕೆಳಗೆ. ಅಕ್ಟೋಬರಿಗೆ ಅಳತೆಗೆ ಬಂದಿರ್ತದೆ. ನೀನು ಹೋಗಿ ಹಿಡಿ."

ಎರೆಗೆ ಮಸಾಲೆ ಹಚ್ಚಿದ ಕಥೆಯನ್ನು ನಾನು ಹೇಳಿದಾಗ ಅವಳು ಇನ್ನೊಂದು ತುಂಡು ಎತ್ತಿ ನೋಡಿದಳು. ಗಾಳಕ್ಕೆ ಎರೆ ಸಿಕ್ಕಿಸಲೂ ಬಾರದ ಹುಡುಗಿ.

"ಮಸಾಲೆ ಹಚ್ಬೇಕಾ?" ಎಂದು ಕೇಳಿದಳು.

"ಹಚ್ಬೇಕು" ಎಂದರು ಇವರು.